ನೇತ್ರಾಣಿಯ ಹವಳಕ್ಕೆ ಮರುಕ, ನಮ್ಮ ಹಳ್ಳಕ್ಕೆ ಮೈಲುತುತ್ತ

ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಕಡಲು ಕಾದರೆ ಹವಳ ಬಿಳಿಚಿಕೊಳ್ಳುತ್ತದೆಂದು ಓದಿ ಮರುಗುವ ಮಲೆನಾಡಿಗರನ್ನು ಬಲ್ಲೆ. ಆ ಮರುಕ ಸುಳ್ಳೆನ್ನಲಾರೆ. ಆದರೆ ಹವಳ, ಅಂಬಲಿಮೀನು, ಕಡಲಹೂಗಳ ದಾಯಾದಿಯೊಂದು ಸಿಹಿನೀರಿನಲ್ಲೂ ಬದುಕುತ್ತದೆ. ಅದನ್ನು ಕೊಲ್ಲಬಲ್ಲ ಪೀಪಾಯಿ ನಮ್ಮದೇ ತೋಟದ ಹಳ್ಳದ ದಂಡೆಯಲ್ಲಿದೆ. ಈ ಬಗ್ಗೆ ಮಾತ್ರ ನಮಗೆ ಮೌನ.

ಅದರ ಹೆಸರು ಹೈಡ್ರಾ. ಸೆಂಟಿಮೀಟರನ್ನು ಅಪರೂಪಕ್ಕೆ ಮೀರುವ, ನೂಲಿನೆಳೆಯಂಥ ಜೀವಿ. ತಿಳಿಯಾದ ಕೆರೆ, ಮಂದವಾಗಿ ಹರಿವ ತೊರೆಗಳಲ್ಲಿ ನೀರುಗಿಡಕ್ಕೋ ಬಿದ್ದ ಎಲೆಗೋ ಅಂಟಿಕೊಂಡಿರುತ್ತದೆ. ಮೆದುಳಿಲ್ಲ, ನರಗಳ ಬಲೆಯಷ್ಟೇ. ಉಣ್ಣಲೂ ಹೊರಹಾಕಲೂ ಒಂದೇ ಬಾಯಿ. ಸುತ್ತಲಿನ ಎಳೆಗೈಗಳಲ್ಲಿ ಅಂಬಲಿಮೀನಿಗಿರುವಂಥದೇ ಕುಟುಕುಕಣಗಳು. ನೀರುಚಿಗಟ ತಾಗಿದೊಡನೆ ವಿಷದ ದಾರ ಚಿಮ್ಮುತ್ತದೆ. ತುಂಡರಿಸಿದರೆ ತುಂಡುಗಳೇ ಪೂರ್ಣ ಹೈಡ್ರಾಗಳಾಗುವುದನ್ನು ಅಬ್ರಹಾಂ ಟ್ರೆಂಬ್ಲಿ 1744ರ ತನ್ನ ಗ್ರಂಥದಲ್ಲಿ ವರ್ಣಿಸಿದ. ಹಸಿರು ಹೈಡ್ರಾದ ಒಡಲಲ್ಲಿ ಪಾಚಿ ನೆಲೆಸಿ ಅದಕ್ಕೆ ಆಹಾರ ಒದಗಿಸುತ್ತದೆ, ಹವಳದಲ್ಲಿ ನಡೆಯುವಂತೆಯೇ.

ಕತ್ತರಿಗೆ ಸಾಯದ ಈ ಜೀವಿ ತಾಮ್ರಕ್ಕೆ ಸಾಯುತ್ತದೆ. ಲೀಟರಿಗೆ ಕೆಲವು ಹತ್ತು ಮೈಕ್ರೋಗ್ರಾಂ ಸಾಕು. ಒಂದು ಕಿಲೊ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಲೀಟರಿಗೆ 50 ಮೈಕ್ರೋಗ್ರಾಂ ಎಂದು ಹಿಡಿದರೆ ಅದು 50 ಲಕ್ಷ ಲೀಟರ್ ನೀರಿಗೆ ಸಾಲುತ್ತದೆ. ಸುಣ್ಣ ತಾಮ್ರವನ್ನು ಕಟ್ಟಿಹಾಕುತ್ತದೆ, ಮಣ್ಣೂ ಹಿಡಿದಿಡುತ್ತದೆ, ಎಲ್ಲವೂ ಹಳ್ಳಕ್ಕಿಳಿಯದು, ಒಪ್ಪಿದೆ. ಆದರೆ ಭದ್ರೆ, ಹೇಮಾವತಿಗಳನ್ನು ಸೇರುವ ಹಳ್ಳದಲ್ಲೇ ಪೀಪಾಯಿ, ಸ್ಪ್ರೇಯರು ತೊಳೆಯುವವರಿಗೆ ಈ ಸಮಾಧಾನ ಸಲ್ಲದು.

"ಕಣ್ಣಿಗೆ ಬೀಳದ ಹುಳುವಿಗಾಗಿ ಕಾಫಿಯನ್ನು ಎಲೆತುಕ್ಕಿಗೆ, ಅಡಿಕೆಯನ್ನು ಕೊಳೆರೋಗಕ್ಕೆ ಒಪ್ಪಿಸಬೇಕೆ?" ಎನ್ನುತ್ತಾರೆ. ಬೇಡ. ಬೋರ್ಡೋ ದ್ರಾವಣ ಬಿಡಿ ಎಂದು ಹೇಳುವವನು ನಾನಲ್ಲ. ನನ್ನ ಸಿಟ್ಟು ಮೊದಲು ನನ್ನ ವೃತ್ತಿಯವರ ಮೇಲೆ. ನೂರು ಲೀಟರಿಗೆ ಎಷ್ಟು ತುತ್ತ, ಎಷ್ಟು ಸುಣ್ಣ ಎಂದು ಬಾಯಿಪಾಠ ಮಾಡಿಸುವ ನಾವು, ತೊಳೆದ ನೀರು ಎಲ್ಲಿಗೆ ಹೋಗಬೇಕೆಂಬುದನ್ನು ಅಷ್ಟೇ ಗಟ್ಟಿಯಾಗಿ ಹೇಳಿದ್ದೇವೆಯೇ? ಇನ್ನು ಪಲ್ಪರ್ ನೀರು. ಹಳ್ಳ ಸೊರಗುವ ಕಾಲದಲ್ಲೇ ಅದನ್ನು ಬಿಡುತ್ತಾರೆ. ಹಣ್ಣಿನ ಲೋಳೆ ಕೊಳೆಯುತ್ತ ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತದೆ. ಮೀನು ಸತ್ತು ತೇಲಿದರೆ ಊರು ಸೇರುತ್ತದೆ. ಹೈಡ್ರಾ ಸತ್ತರೆ ತೇಲುವುದಿಲ್ಲ, ಕರಗಿಹೋಗುತ್ತದೆ.

ದ್ರಾವಣ ಕಲಸುವ ಜಾಗ ಹಳ್ಳದಿಂದ ದೂರವಿರಲಿ. ತೊಳೆದ ನೀರನ್ನು ಮುಂದಿನ ಪೀಪಾಯಿಗೇ ಸುರಿಯಿರಿ. ಮೂಡಿಗೆರೆ, ಕಳಸದ ವಿದ್ಯಾರ್ಥಿಗಳು ಮುಂಗಾರಿನ ಸಿಂಪಡಣೆಗೆ ಮೊದಲೂ ಅನಂತರವೂ ನೀರುಗಿಡಗಳನ್ನು ಗಾಜಿನ ಲೋಟದಲ್ಲಿಟ್ಟು, ಭೂತಗನ್ನಡಿಯಲ್ಲಿ ಹೈಡ್ರಾಗಳನ್ನು ಎಣಿಸಲಿ. ಆ ಎರಡು ಲೆಕ್ಕಗಳನ್ನು ಗ್ರಾಮಸಭೆಯಲ್ಲಿ, ತೋಟದ ಯಜಮಾನರೆದುರಿಗೇ ಓದಲಿ.