ಅಡಿಕೆ ಅಂಗಡಿಗೆ ಎಂತಹ ತಂತಿ ಬೇಕು?

ತಕ್ಕಡಿ ಸರಿಯಾಗಿದ್ದು ಮಾತು ನೆಟ್ಟಗಿದ್ದರೆ ಅಡಿಕೆಯ ವ್ಯಾಪಾರ ನಡೆಯುತ್ತಿದ್ದ ಕಾಲವೊಂದಿತ್ತು. ಈಗ ಖರೀದಿಯ ಅಂಗಡಿಗೆ ತಕ್ಕಡಿಯಷ್ಟೇ ಅಗತ್ಯವಾದ ಇನ್ನೊಂದು ವಸ್ತು ಸೇರಿಕೊಂಡಿದೆ. ಇಂಟರ್ನೆಟ್ಟು ಮತ್ತು ಫೋನಿನ ಸಂಪರ್ಕದ ಮಾತನ್ನು ಹೇಳುತ್ತಿದ್ದೇನೆ. ಹತ್ತು ಅಂಗಡಿ ಸುತ್ತಿ ತಕ್ಕಡಿ ಕೊಳ್ಳುವ ನಮ್ಮ ಜನ ಈ ಸಂಪರ್ಕವನ್ನು ಮಾತ್ರ ಬಾಗಿಲಿಗೆ ಬಂದ ಹುಡುಗನ ಮಾತು ಕೇಳಿ ಐದು ನಿಮಿಷದಲ್ಲಿ ಗೊತ್ತುಮಾಡಿಬಿಡುತ್ತಾರೆ. ನಾನೂ ಹಾಗೆಯೇ ಮಾಡಿದವನು. ಆದುದರಿಂದಲೇ ಬರೆಯಲು ಕೂತಿದ್ದೇನೆ.

ಗಡಿನಾಡಿನ ನಮಗೆ ಇದರ ಬಿಸಿ ಇತರರಿಗಿಂತ ಒಂದು ತೂಕ ಹೆಚ್ಚು. ಪುತ್ತೂರು, ವಿಟ್ಲ, ಮಂಗಳೂರು ನಮಗೆ ನೆರೆಮನೆ. ಕಾಯಿದೆಗಾದರೋ ಅದು ಬೇರೆ ರಾಜ್ಯ. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂತು. 2018ರ ಎಪ್ರಿಲಿನಿಂದ ರಾಜ್ಯ ದಾಟುವ 50,000 ರೂಪಾಯಿಗೆ ಮೀರಿದ ಸರಕಿಗೆ ಇ-ವೇ ಬಿಲ್ಲು ಕಡ್ಡಾಯವಾಯಿತು. ಈಗಿನ ಧಾರಣೆಯಲ್ಲಿ ಕೆಲವೇ ಗೋಣಿ ಚಾಲಿ ಆ ಮೊತ್ತವನ್ನು ದಾಟುತ್ತದೆ. ಅಂದರೆ ತಂತಿ ಸತ್ತರೆ ಬಿಲ್ಲು ಇಲ್ಲ, ಬಿಲ್ಲು ಇಲ್ಲದಿದ್ದರೆ ಲಾರಿ ತಲಪಾಡಿ ದಾಟುವಂತಿಲ್ಲ.

ಎರಡು ಮಳೆಗಾಲದ ಹಿಂದಿನ ಮಾತು. ಪರಿಚಿತ ಕೃಷಿಕರೊಬ್ಬರು ಜೀಪಿನಲ್ಲಿ ಅಡಿಕೆ ತಂದಿದ್ದರು. ಮಗಳ ಕಾಲೇಜು ಶುಲ್ಕ ಕಟ್ಟಲು ಅದೇ ಕೊನೆಯ ದಿನ. ತೂಕವಾಯಿತು, ಧಾರಣೆ ಕುದುರಿತು. ಹಣವನ್ನು ಅವರ ಬೇಂಕು ಖಾತೆಗೆ ಕಳುಹಿಸೋಣವೆಂದರೆ ಇಂಟರ್ನೆಟ್ಟಿಲ್ಲ. ಬೆಳಗಿನ ಗಾಳಿಗೆ ಎಲ್ಲಿಯೋ ತೆಂಗಿನ ಮಡಲು ಬಿದ್ದು ತಂತಿ ಕಡಿದಿತ್ತು. ಮೊಬೈಲಿನಿಂದ ಕಳುಹಿಸೋಣವೆಂದರೆ ಅದರ ಸಿಮ್ಮೂ ಅದೇ ಕಂಪೆನಿಯದು. ಎರಡನ್ನೂ ಒಟ್ಟಿಗೆ ಕೊಂಡರೆ ತಿಂಗಳಿಗೆ ನೂರು ರೂಪಾಯಿ ಕಡಿಮೆ ಎಂದಿದ್ದರು. ಕರೆಂಟು ಹೋಗಿ ಅವರ ಟವರೂ ಮಲಗಿತ್ತು. ಕಡೆಗೆ ನೆರೆಯವರ ಫೋನು ಕೇಳಿ ಪಡೆದು, ಕೊಡೆ ಹಿಡಿದು ಗುಡ್ಡೆ ಹತ್ತಿ, ಆಚೆ ರಾಜ್ಯದ ಟವರಿನ ಕೃಪೆಯಿಂದ ನಾನು ಹಣ ಕಳುಹಿಸುವಷ್ಟರಲ್ಲಿ ಸಂಜೆಯಾಗಿತ್ತು. ತಂತಿ ಸರಿಯಾದದ್ದು ಐದನೆಯ ದಿನ. ಆ ಕೃಷಿಕರು ಒಂದು ಮಾತೂ ಆಡಲಿಲ್ಲ; ಆದರೆ ಅಂದಿನಿಂದ ಅವರ ಅಡಿಕೆ ವಿಟ್ಲಕ್ಕೆ ಹೋಗುತ್ತದೆ.

ವೇಗದ ಜಾಹೀರಾತನ್ನು ನಂಬಿ ತಂತಿ ಕೊಳ್ಳಬಾರದು ಎಂಬುದು ನನ್ನ ಮೊದಲ ಅಭಿಪ್ರಾಯ. ನೂರು ಮೆಗಾಬಿಟ್ಟು, ಮುನ್ನೂರು ಮೆಗಾಬಿಟ್ಟು ಎಂದು ಬೋರ್ಡು ಹಾಕುತ್ತಾರೆ. ಅಂಗಡಿಗೆ ಅದರಿಂದ ಏನಾಗಬೇಕು? ಬಿಲ್ಲು, ಹಣದ ಪಾವತಿ, ಧಾರಣೆ ನೋಡುವುದು ಇವಕ್ಕೆಲ್ಲ ಬೇಕಾದದ್ದು ಅಲ್ಪ. ಇಂಟರ್ನೆಟ್ಟಿನ ಮೂಲಕ ಒಂದು ಫೋನು ಮಾತಿಗೆ ಸುಮಾರು 100 ಕಿಲೋಬಿಟ್ಟು ಸಾಕು. 2023ರಲ್ಲಿ ಸರಕಾರವು ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ವಿಧಿಸಿದ ಕನಿಷ್ಠ ವೇಗ 2 ಮೆಗಾಬಿಟ್ಟು ಮಾತ್ರ. ಮನೆಗಳಿಗೆ ಬರುವ ಫೈಬರಿನಲ್ಲಿ ಒಂದೇ ಎಳೆಯನ್ನು 32 ಅಥವಾ 64 ಕವಲಾಗಿ ಹಂಚುವ ಕ್ರಮ ಸಾಮಾನ್ಯ. ಆದರೂ ನಮ್ಮ ಹಳ್ಳಿಗಳಲ್ಲಿ ತೊಂದರೆ ಹುಟ್ಟುವುದು ಆ ಪಾಲಿನಿಂದಲ್ಲ, ತೋಟದಿಂದ ತೋಟಕ್ಕೆ ಕಂಬ ಹಾರಿ ಬರುವ ಕೊನೆಯ ಫರ್ಲಾಂಗಿನಿಂದ. ಆದುದರಿಂದ ಕೇಳಬೇಕಾದ ಪ್ರಶ್ನೆ, ಕಡಿದ ತಂತಿಯನ್ನು ಬೆಸೆಯುವವರು ಯಾರು, ಅವರ ಮನೆ ಎಲ್ಲಿ, ಬೆಸೆಯುವ ಯಂತ್ರ ಅವರ ಕೈಯಲ್ಲೇ ಇದೆಯೇ ಅಥವಾ ಪೇಟೆಯಿಂದ ಬರಬೇಕೇ ಎಂಬುದು. ಬಿ.ಎಸ್.ಎನ್.ಎಲ್. ಆಗಲಿ, 2023ರ ಜೂನಿನಲ್ಲಿ ಕೇರಳ ಸರಕಾರ ಆರಂಭಿಸಿದ ಕೆ-ಫೋನ್ ಆಗಲಿ, ಮನೆಯವರೆಗೆ ತಂತಿ ಎಳೆಯುವುದು ಅನೇಕ ಕಡೆ ಸ್ಥಳೀಯ ಕೇಬಲಿನವರೇ. ಮೇಲಿನ ಹೆಸರಿಗಿಂತ ಕೆಳಗಿನ ಮನುಷ್ಯ ಮುಖ್ಯ. ಅವರೊಡನೆ ಕನ್ನಡದಲ್ಲಿಯೋ ತುಳುವಿನಲ್ಲಿಯೋ ದೂರು ಹೇಳಲು ಸಾಧ್ಯವಾದರೆ, ಅದಕ್ಕಾಗಿ ತಿಂಗಳಿಗೆ ಐವತ್ತು ರೂಪಾಯಿ ಹೆಚ್ಚು ಕೊಡಲು ನಾನು ಸಿದ್ಧ.

ಇನ್ನು ಹಳೆಯ ತಾಮ್ರದ ಫೋನಿನ ಮಾತು. ಅದಕ್ಕೆ ಬೇಕಾದ 48 ವೋಲ್ಟು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಊರಿಡೀ ಕತ್ತಲೆಯಾದರೂ ಫೋನು ಬಡಿಯುತ್ತಿತ್ತು. ಆದರೆ ತುಲಾಮಾಸದ ಸಿಡಿಲು ಅದೇ ತಂತಿಯಲ್ಲಿ ಮನೆಯೊಳಗೆ ಬರುತ್ತಿತ್ತು. ಫೈಬರಿನ ಗುಣ ಇದಕ್ಕೆ ತಿರುವುಮುರುವು. ಗಾಜಿನ ಎಳೆಯಲ್ಲಿ ಸಿಡಿಲು ಹರಿಯದು. ಆದರೆ ಗೋಡೆಯ ಮೇಲಿನ ಪೆಟ್ಟಿಗೆಗೆ ಕರೆಂಟು ಬೇಕು. ಕರೆಂಟು ಹೋದರೆ ಇಂಟರ್ನೆಟ್ಟಿನ ಜತೆಗೆ ಫೋನೂ ಸಾಯುತ್ತದೆ. ಪೆಟ್ಟಿಗೆಗೆಂದೇ ಒಂದು ಚಿಕ್ಕ ಬ್ಯಾಟರಿಯನ್ನು ಕೂಡಿಸದೆ ಫೈಬರಿನ ಫೋನು ಹಾಕಿಸುವುದು ದಂಡ. ಇನ್ನೊಂದು ಸೂಕ್ಷ್ಮವಿದೆ: ಕೆಲವು ಜಾತಿಯ ಫೈಬರಿನಲ್ಲಿ ಬಲಕ್ಕಾಗಿ ಉಕ್ಕಿನ ಸರಿಗೆ ಇರುತ್ತದೆ. ನಮ್ಮ ಗುಡ್ಡೆಗಳಿಗೆ ಲೋಹವಿಲ್ಲದ ಜಾತಿಯನ್ನೇ ಕೇಳಿ ಹಾಕಿಸತಕ್ಕದ್ದು.

ಮೊಬೈಲು ಒಂದೇ ಸಾಲದೇ ಎಂದು ಕೇಳುವವರಿದ್ದಾರೆ. ಸಣ್ಣ ಅಂಗಡಿಗೆ ಒಣ ದಿನದಲ್ಲಿ ಸಾಕು. ಆದರೆ ಜಡಿಮಳೆಯ ಹೊತ್ತಿಗೆ, ಸಂಜೆ ಊರೆಲ್ಲ ಸಿನಿಮಾ ನೋಡುವ ಹೊತ್ತಿಗೆ, ಅದನ್ನೇ ನಂಬಿ ವ್ಯಾಪಾರ ಮಾಡಲಾಗದು. ಆದುದರಿಂದ ಎರಡು ದಾರಿ ಇರಬೇಕು. ಮುಖ್ಯವಾಗಿ ಅವೆರಡೂ ಬೇರೆ ಬೇರೆ ಕಂಪೆನಿಯವಾಗಿರಬೇಕು. ಸಿಮ್ಮು ಕೇರಳದ್ದೋ ಕರ್ನಾಟಕದ್ದೋ ಎಂಬ ಚರ್ಚೆಗೆ ಈಗ ಅರ್ಥವಿಲ್ಲ. 2015ರ ಜುಲೈ 3ರಿಂದ ಮೊಬೈಲಿನ ಸಂಖ್ಯೆಯನ್ನು ದೇಶದ ಯಾವ ಭಾಗಕ್ಕೂ, ಯಾವ ಕಂಪೆನಿಗೂ ಒಯ್ಯಬಹುದು. ನೆಂಟರಿಷ್ಟರ ಫೋನುಗಳನ್ನು ಬೇಡಿ ತಂದು ಗಲ್ಲಾಪೆಟ್ಟಿಗೆಯ ಬಳಿಯೇ ಇಟ್ಟು, ಮಳೆಯ ದಿನ ಮೂರು ಹೊತ್ತು ಪರೀಕ್ಷಿಸಿ ನೋಡಿದರೆ ಯಾವುದು ಆಗಬಹುದೆಂದು ತಿಳಿಯುತ್ತದೆ. ತಂತಿಯ ಫೋನಿನ ಸಂಖ್ಯೆಗೆ ಈ ಸೌಕರ್ಯವಿಲ್ಲ. ಕಂಪೆನಿ ಬಿಟ್ಟರೆ ಸಂಖ್ಯೆಯನ್ನೂ ಬಿಡಬೇಕು. ಮೂವತ್ತು ವರ್ಷ ರಶೀದಿಯ ಮೇಲೆ ಅಚ್ಚಾದ ಸಂಖ್ಯೆಯನ್ನು ಕಳೆದುಕೊಳ್ಳುವ ಮೊದಲು ಎರಡು ಸಲ ಯೋಚಿಸುವುದು ಒಳ್ಳೆಯದು.

ಸ್ವಂತಕ್ಕೆಂದೇ ಮೀಸಲಾದ ಲೀಸ್ ಲೈನಿನ ಕುರಿತೂ ಕೆಲವರು ಕೇಳಿದ್ದಾರೆ. ಹೋಗುವ ಬರುವ ವೇಗ ಎರಡೂ ಸಮ, ದುರಸ್ತಿಗೆ ಬರವಣಿಗೆಯ ಗಡುವು, ಒಳ್ಳೆಯದೇ. ಆದರೆ ಬೆಲೆ ಹಲವು ಪಾಲು ಹೆಚ್ಚು. ಬೇಂಕಿಗೆ, ದೊಡ್ಡ ಸಂಘಕ್ಕೆ ಅದು ಸರಿ. ನಮ್ಮಂಥವರಿಗೆ ಆನೆ ಸಾಕಿದಂತೆ.

ಸಂಪರ್ಕವನ್ನು ಅಂಗಡಿಯ ಹೆಸರಿನಲ್ಲಿ, ಜಿ.ಎಸ್.ಟಿ. ಸಂಖ್ಯೆ ಬರೆಸಿಯೇ ಪಡೆಯಬೇಕು. ಬಿಲ್ಲಿನ ಮೇಲೆ ಶೇಕಡಾ 18 ತೆರಿಗೆ ಇದೆ. ನೋಂದಾಯಿತ ವ್ಯಾಪಾರಿಗೆ ಅದನ್ನು ತನ್ನ ತೆರಿಗೆಯಲ್ಲಿ ಕಳೆಯುವ ಹಕ್ಕಿದೆ. ಮಗನ ಹೆಸರಿನಲ್ಲಿ ಮನೆಯ ಸಂಪರ್ಕ ತೆಗೆದು ಅಂಗಡಿಗೆ ಎಳೆಸಿಕೊಂಡವರು ಅದನ್ನು ಕಳೆದುಕೊಳ್ಳುತ್ತಾರೆ. ದೂರು ಕೊಟ್ಟಾಗ ಅದರ ಸಂಖ್ಯೆಯನ್ನು ಬರೆದಿಡುವುದನ್ನೂ ಮರೆಯಬಾರದು. ಮೂರು ದಿನ ಮೀರಿದರೂ ತಂತಿ ಸರಿಯಾಗದಿದ್ದರೆ ಬಾಡಿಗೆಯಲ್ಲಿ ಕಡಿತ ಕೊಡಬೇಕೆಂಬುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ನಿಯಮ. ನಾನು ಆಗ ಸಂಖ್ಯೆ ಬರೆದಿಟ್ಟಿರಲಿಲ್ಲ. ಒಂದು ಕಾಸೂ ಬರಲಿಲ್ಲ.

ಒಂದೇ ರಸ್ತೆಯಲ್ಲಿ ಆರೇಳು ಅಂಗಡಿ, ಒಂದು ಹಾಲಿನ ಸೊಸೈಟಿ, ಒಂದು ಸೇವಾ ಸಹಕಾರಿ ಬೇಂಕು ಇರುವಲ್ಲಿ ಎಲ್ಲರೂ ಬೇರೆ ಬೇರೆಯಾಗಿ ಏಕೆ ಗೋಗರೆಯಬೇಕೋ ನನಗೆ ತಿಳಿಯದು. ಕೇಬಲಿನವರನ್ನು ಕೂರಿಸಿ, ತೋಟದ ಮೇಲಿನಿಂದ ಬರುವ ತಂತಿಯನ್ನು ರಸ್ತೆಬದಿಗೆ ತರಿಸುವ ಖರ್ಚನ್ನು ಹಂಚಿಕೊಂಡರೆ ತಲೆಗೆ ಹೆಚ್ಚು ಬೀಳದು. ಮುಂದಿನ ಮಳೆಗಾಲದ ಒಳಗೆ ನಮ್ಮ ರಸ್ತೆಯಲ್ಲಿ ಇದನ್ನು ಮಾಡಿಸಬೇಕೆಂದು ಮಾತು ನಡೆದಿದೆ. ಇಬ್ಬರು ಇನ್ನೂ ಒಪ್ಪಿಲ್ಲ.