ಪರರ ಮನೆಯಲ್ಲಿ ಸಮಾನಳಾಗಿ



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಗಳಿಂದ ಬಂದು ನಮ್ಮ ಪಾಠಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳು ದಾದಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ದೂರದ ಊರುಗಳಿಗೆ ಹೋಗಿರುವುದು ತಮಗೆ ತಿಳಿದ ವಿಷಯವೇ. ಈಚೆಗೆ ಹೊಸದೊಂದು ಪ್ರಶ್ನೆಯು ನನ್ನಲ್ಲಿಗೆ ಬರುತ್ತಿದೆ. ಇಟಲಿ ದೇಶದಲ್ಲಿ ಒಂದು ಕುಟುಂಬದೊಡನೆ ವಾಸಮಾಡಿ, ಅವರ ಮಕ್ಕಳನ್ನು ನೋಡಿಕೊಂಡು, ಅಲ್ಲಿಯ ಭಾಷೆಯನ್ನು ಕಲಿತು ಬರಬಹುದಂತೆ. ಅದಕ್ಕೆ ‘ಓ ಪೇರ್’ ಎಂದು ಹೆಸರಂತೆ. ಮಗಳನ್ನು ಕಳುಹಿಸಬಹುದೇ, ಎಂದು. ಕಳುಹಿಸಬಹುದೆಂದೇ ನನ್ನ ಅಭಿಪ್ರಾಯ. ಆದರೆ ಆ ಹೆಸರಿನ ಅರ್ಥವನ್ನು ಗಡಿಯಾರ ಹಿಡಿದು ಪರೀಕ್ಷಿಸಿದ ಮೇಲೆ ಮಾತ್ರ.

ಅದು ಫ್ರೆಂಚ್ ಮಾತು; ‘ಸಮಾನವಾಗಿ’ ಎಂದು ಅರ್ಥ. ಹೀಗೆ ಬಂದಿರುವ ಹುಡುಗಿಯು ಆ ಮನೆಗೆ ಆಳೂ ಅಲ್ಲ, ಅತಿಥಿಯೂ ಅಲ್ಲ. ಇಂಥ ಹೆಸರುಗಳು ಬಾಯಿಮಾತಿಗೆ ಸುಲಭವಾದುದರಿಂದಲೇ ಯೂರೋಪಿನ ರಾಜ್ಯಗಳು 1969ನೆಯ ನವೆಂಬರಿನಲ್ಲಿ ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ಒಂದು ಒಡಂಬಡಿಕೆಯನ್ನು ಬರೆದವು. ಇಟಲಿಯೂ ಅದನ್ನು ಅಂಗೀಕರಿಸಿದ ದೇಶಗಳಲ್ಲೊಂದು. ಹುಡುಗಿಗೆ 17 ವರ್ಷಕ್ಕೆ ಕಡಿಮೆಯಾಗಲಿ 30ಕ್ಕೆ ಹೆಚ್ಚಾಗಲಿ ಆಗಿರಕೂಡದು. ಮೊದಲು ಒಂದು ವರ್ಷ, ಹೆಚ್ಚೆಂದರೆ ಎರಡು. ದಿನಕ್ಕೆ ಐದು ಗಂಟೆಗೆ ಮೀರಿ ಕೆಲಸ ಹೇಳಕೂಡದು. ವಾರಕ್ಕೊಂದು ಪೂರ್ಣ ದಿನದ ವಿರಾಮ, ಅವುಗಳಲ್ಲಿ ತಿಂಗಳಿಗೊಂದಾದರೂ ಭಾನುವಾರ. ಊಟ, ಸಾಧ್ಯವಾದಲ್ಲಿ ಪ್ರತ್ಯೇಕ ಕೊಠಡಿ, ಕೈಖರ್ಚಿನ ಹಣ, ಭಾಷೆಯ ತರಗತಿಗೆ ಹೋಗಲು ಬಿಡುವು, ತನ್ನ ಮತದಂತೆ ದೇವಾರಾಧನೆಗೆ ಅವಕಾಶ. ಇವೆಲ್ಲವೂ ಕಾಗದದ ಮೇಲೆ ಬರೆದಿರತಕ್ಕದ್ದು; ಅದೂ, ಆದಷ್ಟುಮಟ್ಟಿಗೆ, ಆಕೆಯು ಸ್ವದೇಶವನ್ನು ಬಿಡುವುದಕ್ಕೆ ಮುಂಚೆಯೇ.

ಇನ್ನು ಅಲ್ಲಿಯ ಒಂದು ದಿನವನ್ನು ಎಣಿಸಿ ನೋಡೋಣ. ಇಟಲಿಯವರ ಬೆಳಗಿನ ಆಹಾರವು ಬಹಳ ಹಗುರ. ಹಾಲು, ಕಾಫಿ, ಒಂದೆರಡು ಬಿಸ್ಕತ್ತು. ಒಲೆಯ ಮುಂದೆ ದೋಸೆ ಹುಯ್ಯುವ ಕಷ್ಟವಿಲ್ಲ. ಮಕ್ಕಳನ್ನು ಎಬ್ಬಿಸಿ, ಉಡುಪು ತೊಡಿಸಿ, ಎಂಟು ಗಂಟೆಯ ಸುಮಾರಿಗೆ ಶಾಲೆಗೆ ಬಿಟ್ಟರೆ ಒಂದೂವರೆ ಗಂಟೆ ಆಯಿತು. ಆ ಬಳಿಕ ಮಕ್ಕಳು ಹಿಂದಿರುಗುವ ತನಕ ವೇಳೆಯು ಹುಡುಗಿಯದು. ಭಾಷೆ ಕಲಿಯತಕ್ಕದ್ದು ಆಗಲೇ. ಸಾಯಂಕಾಲ ಮಕ್ಕಳಿಗೆ ಉಪಾಹಾರ, ಉದ್ಯಾನದಲ್ಲಿ ಆಟ, ಶಾಲೆಯ ಲೆಕ್ಕ, ಸ್ನಾನ. ಇದು ಮೂರೂವರೆ ಗಂಟೆ. ಐದು ತುಂಬಿತು. ರಾತ್ರಿಯ ಊಟವು ಎಂಟಕ್ಕೋ ಇನ್ನೂ ತಡವಾಗಿಯೋ ಆಗುವುದು. ಮನೆಯವರೆಲ್ಲರೂ ಮೇಜಿನ ಸುತ್ತ ಬಹು ಹೊತ್ತು ಮಾತನಾಡುತ್ತ ಕುಳಿತಿರುವರು. (ಮೇಜಿನ ಮೇಲೆ ದ್ರಾಕ್ಷಾರಸವಿರುವುದು ಅಲ್ಲಿ ಸಾಮಾನ್ಯ, ಬೇಡವೆಂದರೆ ಯಾರೂ ಮುನಿಯರು.) ಆಗ ನಮ್ಮ ಹುಡುಗಿಯು ಎಲ್ಲಿರುವಳು? ಮೇಜಿನ ಬಳಿ ಕುರ್ಚಿಯ ಮೇಲೆಯೋ, ಅಡಿಗೆಮನೆಯ ತೊಟ್ಟಿಯ ಮುಂದೆಯೋ? ‘ಸಮಾನ’ವೆಂಬ ಮಾತಿಗೆ ಇದಕ್ಕಿಂತ ಖಚಿತವಾದ ಪರೀಕ್ಷೆಯನ್ನು ನಾನರಿಯೆನು. ‘ಮಕ್ಕಳು ಮಲಗಿರುವರು, ನಾವು ಹೋಗಿ ಬರುವೆವು, ನೀನು ಸುಮ್ಮನೆ ಕುಳಿತಿರು’ ಎಂದರೆ, ಹಾಗೆ ಕುಳಿತಿರುವುದೂ ಕೆಲಸವೇ. ಅದು ಆರನೆಯ ಗಂಟೆ.

ಭಾಷೆಗಾಗಿ ಅಂಜಬೇಕಾಗಿಲ್ಲ. ಮನೆಯಲ್ಲಿ ತೆಲುಗು, ಪಾಠಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಬೆಳೆದ ನಮ್ಮ ಸೀಮೆಯ ಮಕ್ಕಳಿಗೆ ನಾಲ್ಕನೆಯದೊಂದು ಭಾರವಾಗದು. ತೆಲುಗನ್ನು ಪೂರ್ವದೇಶದ ಇಟಾಲಿಯನ್ ಎಂದು ಹಿಂದಿನ ಪಾಶ್ಚಾತ್ಯರು ಕರೆದದ್ದುಂಟು. ಎರಡರಲ್ಲಿಯೂ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಪ್ರಾಟೆಸ್ಟಂಟರಾದ ನಮ್ಮವರಿಗೆ ಅಲ್ಲಿ ವಾಲ್ಡೆನ್ಸಿಯನ್ ಎಂಬ ಪುರಾತನವಾದ ಸಭೆಯೂ ಉಂಟು.

ಇಷ್ಟು ಉಪಚಾರವಿರುವಲ್ಲಿ ಕಾಗದವೇಕೆ ಎನ್ನುವ ತಂದೆಗಳುಂಟು. ಅಂಥವರು ಆಯಾಗಳ ವೃತ್ತಾಂತವನ್ನು ತಿಳಿಯಬೇಕು. ಬ್ರಿಟಿಷರ ಕಾಲದಲ್ಲಿ ದೊರೆಸಾನಿಯರ ಮಕ್ಕಳನ್ನು ಎತ್ತಿಕೊಂಡು ಹಡಗಿನಲ್ಲಿ ಲಂಡನಿಗೆ ಹೋದ ನಮ್ಮ ದೇಶದ ಹೆಂಗಸರಲ್ಲಿ ಅನೇಕರನ್ನು, ದಡ ಮುಟ್ಟಿದ ಮೇಲೆ, ಹಿಂದಿರುಗುವ ಚೀಟಿಯನ್ನು ಸಹ ಕೊಡದೆ ಕೈಬಿಟ್ಟರು. ಸಮುದ್ರದ ಮೇಲೆ ಅವರನ್ನೂ ಮನೆಯವರಂತೆ ಎಂದೇ ಕರೆದಿರಬೇಕು. ಅಂಥವರಿಗೆ ಲಂಡನಿನ ಹ್ಯಾಕ್ನಿಯಲ್ಲಿ ಆಯಾಗಳ ಮನೆಯೊಂದಿತ್ತು. 1900ರಿಂದ ಅದನ್ನು ನಡೆಸಿದುದು ಲಂಡನ್ ಸಿಟಿ ಮಿಷನ್. 2022ರಲ್ಲಿ ಆ ಕಟ್ಟಡದ ಗೋಡೆಗೆ ಸ್ಮಾರಕದ ನೀಲಿ ಫಲಕವನ್ನಿಟ್ಟರು. ಮಿಷನ್ ಆಶ್ರಯ ಕೊಟ್ಟಿತೆಂದು ಮಿಷನಿನಲ್ಲಿ ಬೆಳೆದ ನನಗೆ ಸಂತೋಷವೇ. ಆದರೆ ಚೀಟಿಯ ಮಾತು ಮೊದಲೇ ಬರಹದಲ್ಲಿದ್ದಿದ್ದರೆ ಆ ಬಡಹೆಂಗಸರು ಅನ್ಯರ ಬಾಗಿಲಿಗೆ ಹೋಗಬೇಕಾಗಿದ್ದಿಲ್ಲ.

ನಮ್ಮ ಸರಕಾರವು ನೋಡಿಕೊಳ್ಳುವುದೆಂದು ನೆಚ್ಚುವುದೂ ಸರಿಯಲ್ಲ. 1983ರ ವಲಸೆ ಕಾಯಿದೆಯ ಮೇರೆಗೆ ನಡೆಯುವ ತಪಾಸಣೆಯು ಕೆಲವು ಗೊತ್ತಾದ ದೇಶಗಳಿಗೆ ಹೋಗುವವರಿಗೆ ಮಾತ್ರ. ಇಟಲಿಯು ಆ ಪಟ್ಟಿಯಲ್ಲಿಲ್ಲ. ಅದೂ ಅಲ್ಲದೆ, ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದವರನ್ನು ಸಾಮಾನ್ಯವಾಗಿ ಆ ತಪಾಸಣೆಯಿಂದ ಬಿಟ್ಟಿದ್ದಾರೆ. ಓದಿದವಳು ತನ್ನ ಕಾಗದವನ್ನು ತಾನೇ ಓದಿಕೊಳ್ಳುವಳೆಂಬ ನಂಬಿಕೆಯಿಂದ ಹಾಗೆ ಮಾಡಿರಬೇಕು. ಎಂದರೆ, ಈ ಪಾಠಶಾಲೆಯು ಕೊಡುವ ಸರ್ಟಿಫಿಕೇಟೇ ನಮ್ಮ ಹುಡುಗಿಯನ್ನು ಒಂದು ಕಾವಲಿನಿಂದ ಹೊರಗೆ ನಿಲ್ಲಿಸುತ್ತದೆ. ಪ್ರವಾಸಿಯ ವೀಸಾದ ಮೇಲೆ ಬಾ, ಉಳಿದುದನ್ನು ಬಂದ ಮೇಲೆ ನೋಡಿಕೊಳ್ಳೋಣ ಎನ್ನುವ ಮನೆಗಾಗಲಿ ದಲ್ಲಾಳಿಗಾಗಲಿ ಉತ್ತರವನ್ನೇ ಬರೆಯಬೇಡಿರಿ.

ಹಳೆಯ ವಿದ್ಯಾರ್ಥಿನಿಯರಿಗೆ ಮತ್ತೊಂದು ಮಾತು, ಕೆಲವರಿಗೆ ಕಹಿಯಾದೀತು. ತಮ್ಮಲ್ಲಿ ಅನೇಕರು ಈಗ ಬೆಂಗಳೂರಿನಲ್ಲಿ ಉದ್ಯೋಗಸ್ಥರು. ತಮ್ಮ ಮಕ್ಕಳನ್ನು ನೋಡಿಕೊಳ್ಳಲು ಇದೇ ತಾಲ್ಲೂಕುಗಳ ಹಳ್ಳಿಗಳಿಂದ ಹುಡುಗಿಯರನ್ನು ಕರೆದುಕೊಂಡು ಹೋಗಿರುವಿರಿ. ‘ಮನೆಮಗಳ ಹಾಗೆ ಇದ್ದಾಳೆ’ ಎಂದು ನನಗೂ ಹೇಳಿರುವಿರಿ. ಅವಳಿಗೆ ದಿನಕ್ಕೆ ಎಷ್ಟು ಗಂಟೆ? ವಾರದ ಬಿಡುವು ಯಾವತ್ತು? ಊಟಕ್ಕೆ ಎಲ್ಲಿ ಕುಳ್ಳಿರುವಳು? ಹದಿನಾಲ್ಕರೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಡಕೂಡದೆಂಬ ನಿಷೇಧವು 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ನಮ್ಮ ರಾಜ್ಯದಲ್ಲಿ 2004ರಲ್ಲಿಯೇ ಮನೆಗೆಲಸಕ್ಕೆ ಕನಿಷ್ಠ ಕೂಲಿಯನ್ನು ಗೊತ್ತುಪಡಿಸಿದರು. ಮನೆಗೆಲಸದವರ ಹಕ್ಕುಗಳನ್ನು ಕುರಿತ 2011ರ ಅಂತರರಾಷ್ಟ್ರೀಯ ಒಪ್ಪಂದವನ್ನು ಇಟಲಿಯು 2013ರಲ್ಲಿ ಸ್ಥಿರೀಕರಿಸಿತು. ನಮ್ಮ ದೇಶವು ಇನ್ನೂ ಇಲ್ಲ. ನಮ್ಮ ಮಗಳಿಗೆ ಇಟಲಿಯಲ್ಲಿ ಕುರ್ಚಿಯನ್ನು ಕೇಳುವ ನಾವು ಬೆಂಗಳೂರಿನ ಮನೆಯಲ್ಲಿ ಅವಳ ತಂಗಿಯಂಥವಳಿಗೆ ಚಾಪೆಯನ್ನು ತೋರಿಸುವುದು ನನಗೆ ಸರಿಕಾಣದು.

ಇಟಲಿಯಿಂದ ಕಾಗದ ಬಂದವರು ಅದರ ಪ್ರತಿಯೊಂದನ್ನು ಶನಿವಾರ ಮಧ್ಯಾಹ್ನ ಪಾಠಶಾಲೆಗೆ ತರಲಿ. ಇಂಗ್ಲಿಷಿನಲ್ಲಿದ್ದರೆ ಓದಿ, ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ತಾಯಂದಿರಿಗೆ ವಿವರಿಸುವೆವು. ಗಂಟೆ, ವಿರಾಮ, ಕೊಠಡಿ, ಹಣ, ವಿಮಾನದ ಚೀಟಿ, ಈ ಐದೂ ಇವೆಯೇ ಎಂದು ಹುಡುಗಿಯೇ ಬೆರಳಿಟ್ಟು ತೋರಿಸತಕ್ಕದ್ದು. ಇಟಾಲಿಯನ್ ಭಾಷೆಯಲ್ಲಿ ಮಾತ್ರ ಇದ್ದಲ್ಲಿ, ಆಕೆಗೆ ತಿಳಿಯುವ ಭಾಷೆಯಲ್ಲಿ ಇನ್ನೊಂದು ಪ್ರತಿ ಬರುವ ತನಕ ಯಾರೂ ರುಜು ಹಾಕಕೂಡದು.