ಹಳೆಯ ಹೆಸರಿನ ನಿಜವಾದ ಬೆಲೆ

1898ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಜೇಮ್ಸ್ ಲ್ಯಾನ್ಸ್‌ಡೌನ್ ನಾರ್ಟನ್ ಅವರು ಆರಂಭಿಸಿದ ಮೋಟಾರ್‌ಸೈಕಲ್ ಸಂಸ್ಥೆಯ ಹೆಸರು ಹಾಗೂ ಕೆಲವು ಆಸ್ತಿಗಳನ್ನು, 2020ರ ಏಪ್ರಿಲ್‌ನಲ್ಲಿ ಟಿವಿಎಸ್ ಮೋಟಾರ್ ಕಂಪನಿಯು 1.6 ಕೋಟಿ ಪೌಂಡ್‌ಗಳಿಗೆ, ಅಂದರೆ ಸುಮಾರು 153 ಕೋಟಿ ರೂಪಾಯಿಗಳಿಗೆ ಕೊಂಡಿತು. ಹೊಸೂರು, ಮೈಸೂರುಗಳಲ್ಲಿ ಕಾರ್ಖಾನೆಗಳನ್ನು ಹೊಂದಿರುವ ಸಂಸ್ಥೆಯೊಂದು ಇಂತಹ ಖ್ಯಾತನಾಮವನ್ನು ತನ್ನದಾಗಿಸಿಕೊಂಡದ್ದು ನಮಗೆಲ್ಲ ಹೆಮ್ಮೆಯ ವಿಷಯವೇ. ಆದರೆ ಆ ಹೆಸರು ಮಾರಾಟಕ್ಕೆ ಬಂದದ್ದೇಕೆ ಎಂಬುದನ್ನು ಉದ್ಯಮಿಗಳು ಗಮನಿಸುವುದು ಹೆಚ್ಚು ಉಪಯುಕ್ತ.

2008ರಲ್ಲಿ ಹೊಸ ಮಾಲೀಕತ್ವದಲ್ಲಿ ನಾರ್ಟನ್ ಪುನರುಜ್ಜೀವನಗೊಂಡಿತು. ಅದರ ವಿ-ಫೋರ್ ಶ್ರೇಣಿಯ ದುಬಾರಿ ಮಾದರಿಯ ಬೆಲೆ 44,000 ಪೌಂಡ್. ಗ್ರಾಹಕರಿಂದ ಮುಂಗಡ ಪಡೆಯಲಾಯಿತು. ಸಾಮಾನ್ಯ ಜನರ ನಿವೃತ್ತಿ ವೇತನ ನಿಧಿಗಳ ಹಣವು ಸಂಸ್ಥೆಯ ಆದ್ಯತಾ ಷೇರುಗಳಲ್ಲಿ ತೊಡಗಿತು. 2020ರ ಜನವರಿಯಲ್ಲಿ ಸಂಸ್ಥೆಯು ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ನಿಧಿಯ ಹೂಡಿಕೆಯ ನಿಯಮಗಳನ್ನು ಉಲ್ಲಂಘಿಸಿದ್ದಾಗಿ ಹಿಂದಿನ ಮಾಲೀಕರು 2022ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಹಿಂದಿನ ಆಡಳಿತದಲ್ಲಿ ತಯಾರಾದ ವಿ-ಫೋರ್ ವಾಹನಗಳಲ್ಲಿ ಸುರಕ್ಷತೆಯ ದೋಷಗಳಿರುವುದನ್ನು ಕಂಡ ಹೊಸ ಆಡಳಿತವು, ಅವುಗಳನ್ನು ಓಡಿಸದಂತೆ ಎಚ್ಚರಿಸಬೇಕಾಯಿತು.

ದುಬಾರಿ ಬೆಲೆಯೇ ತಪ್ಪೆಂದು ನನ್ನ ವಾದವಲ್ಲ. ಜಾರ್ಜ್ ಬ್ರಫ್ 1919ರಿಂದ 1940ರವರೆಗೆ ತಯಾರಿಸಿದ ಬ್ರಫ್ ಸುಪೀರಿಯರ್ ವಾಹನಗಳು ಕೇವಲ ಸುಮಾರು 3,000. ಅವೂ ಸಿರಿವಂತರಿಗೇ ಮೀಸಲಾಗಿದ್ದವು. ಆದರೆ ಅಧಿಕ ಬೆಲೆಯು ದುಡಿಯುವ ಬಂಡವಾಳಕ್ಕೆ ಬದಲಿಯಾಗಲಾರದು. ಗ್ರಾಹಕರ ಮುಂಗಡವು ವಾಹನವನ್ನು ಒಪ್ಪಿಸುವವರೆಗೆ ಹೊಣೆಯೇ ಹೊರತು ಆದಾಯವಲ್ಲ. ಅಢಾವೆ ಪತ್ರಿಕೆಯ ಈ ಮೊದಲ ಪಾಠವನ್ನು ಕೀರ್ತಿಯ ಮೋಹದಲ್ಲಿ ಮರೆತರೆ ಅನಾಹುತ ನಿಶ್ಚಿತ.

ಇದಕ್ಕೆ ಪ್ರತಿಯಾದ ನಿದರ್ಶನವೂ ಬ್ರಿಟನ್ನಿನಲ್ಲೇ ಇದೆ. 1983ರಲ್ಲಿ ದಿವಾಳಿಯಾದ ಟ್ರಯಂಫ್‌ನ ಹೆಸರನ್ನು ಗೃಹನಿರ್ಮಾಣ ಉದ್ಯಮಿ ಜಾನ್ ಬ್ಲೂರ್ ಕೊಂಡರು. ಹಿಂಕ್ಲಿಯಲ್ಲಿ ಕಾರ್ಖಾನೆ ಕಟ್ಟಿ, ಹೊಸ ಎಂಜಿನ್‌ಗಳನ್ನು ಸಿದ್ಧಪಡಿಸಿ, 1991ರಲ್ಲಷ್ಟೇ ತಮ್ಮ ವಾಹನಗಳನ್ನು ಮಾರುಕಟ್ಟೆಗೆ ತಂದರು. ಎಂಟು ವರ್ಷಗಳ ಈ ತಾಳ್ಮೆಯೇ ಅವರ ಬಂಡವಾಳವೆನ್ನಬಹುದು. ಟಿವಿಎಸ್ ಸಹ ಸೋಲಿಹಲ್‌ನಲ್ಲಿ ಹೊಸ ಕಾರ್ಖಾನೆ ಸ್ಥಾಪಿಸಿ, ನಾರ್ಟನ್‌ನಲ್ಲಿ 10 ಕೋಟಿ ಪೌಂಡ್ ತೊಡಗಿಸುವುದಾಗಿ 2022ರಲ್ಲಿ ಪ್ರಕಟಿಸಿತು. ಇದು ಖರೀದಿಯ ಬೆಲೆಯ ಆರು ಪಟ್ಟಿಗೂ ಅಧಿಕವೆಂಬುದು ಗಮನಾರ್ಹ.

ತಾನೇ ಬೆಳೆಸಿಕೊಂಡ ಬ್ರ್ಯಾಂಡ್ ಹೆಸರನ್ನು ಆಸ್ತಿಯೆಂದು ತೋರಿಸಲು ಲೆಕ್ಕಪತ್ರ ಮಾನಕಗಳು ಒಪ್ಪುವುದಿಲ್ಲ. ಹಣ ತೆತ್ತು ಕೊಂಡ ಹೆಸರಿಗೆ ಮಾತ್ರ ಅಲ್ಲಿ ಸ್ಥಾನವಿದೆ. ಆ ಸ್ಥಾನವಾದರೂ ಶಾಶ್ವತವಲ್ಲ, ಮೌಲ್ಯ ಕುಸಿದರೆ ನಷ್ಟವನ್ನು ಬರೆಯಲೇಬೇಕು. ಆದ್ದರಿಂದ ಹಳೆಯ ಹೆಸರನ್ನು ಕೊಳ್ಳಬಯಸುವ ಸದಸ್ಯರು ಅದರ ಚರಿತ್ರೆಯನ್ನು ಓದುವ ಮೊದಲು ಮೂರು ಅಂಶಗಳನ್ನು ಪರಿಶೀಲಿಸಲಿ: ಯಂತ್ರದ ವಿನ್ಯಾಸ ಯಾರ ಸ್ವತ್ತು, ಬಿಡಿಭಾಗ ಮತ್ತು ಸೇವೆಯ ವ್ಯವಸ್ಥೆ ಏನು, ಐದು ವರ್ಷ ಲಾಭವಿಲ್ಲದೆ ನಡೆಸುವಷ್ಟು ಸ್ವಂತ ಹಣವಿದೆಯೇ. ಹೆಸರನ್ನು ಕಟ್ಟಿದವರು ಹಿಂದಿನವರು. ಅದರ ಸಾಲವನ್ನು ತೀರಿಸಬೇಕಾದವರು ಮಾತ್ರ ಇಂದಿನವರು.